ಕಾರಿಗೆ ಬಣ್ಣ, ಲಾರಿಗೆ ಚಾಸಿ: ಸ್ಕೇಲ್ ಮಾಡೆಲ್ ಕಿಟ್‌ಗಳನ್ನು ಆರಿಸಿ ಕಟ್ಟಿದ ನನ್ನ ಅನುಭವ

ಪ್ಲಾಸ್ಟಿಕ್ ಕಿಟ್‌ಗಳಿಂದ ಕಾರು ಮತ್ತು ಲಾರಿಗಳ ಮಾದರಿಗಳನ್ನು ಕಟ್ಟಲು ಆರಂಭಿಸಿ ಹನ್ನೊಂದು ವರ್ಷಗಳಾದವು. ಈ ಅವಧಿಯಲ್ಲಿ ಇಪ್ಪತ್ತಾರು ಕಾರುಗಳನ್ನೂ ಏಳು ಲಾರಿಗಳನ್ನೂ ಮುಗಿಸಿದ್ದೇನೆ, ನಾಲ್ಕು ಕಿಟ್‌ಗಳನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ಆ ನಾಲ್ಕು ಪೆಟ್ಟಿಗೆಗಳನ್ನು ಈಗ ತೆರೆದು ನೋಡಿದರೆ, ಅಲ್ಲಿ ಕೈಕೆಲಸಕ್ಕಿಂತ ಆಯ್ಕೆಯೇ ತಪ್ಪಿತ್ತು ಎಂಬುದು ಗೊತ್ತಾಗುತ್ತದೆ. ಮುಚ್ಚಳದ ಮೇಲಿನ ಚಿತ್ರವನ್ನು ಮೆಚ್ಚಿ ಕೊಂಡಿದ್ದೆನೇ ಹೊರತು, ಒಳಗಿರುವ ಕೆಲಸ ಯಾವ ಬಗೆಯದು ಎಂದು ಕೇಳಿಕೊಂಡಿರಲಿಲ್ಲ. ಕಾರಿನ ಕಿಟ್ ಎಂದರೆ ಮುಖ್ಯವಾಗಿ ಬಣ್ಣದ ಕೆಲಸ, ಲಾರಿಯ ಕಿಟ್ ಎಂದರೆ ಮುಖ್ಯವಾಗಿ ಚಾಸಿಯ, ಅಂದರೆ ಎಲ್ಲವನ್ನೂ ಹೊರುವ ಕೆಳಗಿನ ಚೌಕಟ್ಟಿನ ಕೆಲಸ. ನನಗೆ ಇದು ಸ್ಪಷ್ಟವಾಗಲು ಮೂರು ವರ್ಷ ಹಿಡಿಯಿತು. ಅದು ಸ್ಪಷ್ಟವಾದ ಮೇಲೆ ಯಾವ ಕಿಟ್ಟನ್ನೂ ಅರ್ಧಕ್ಕೆ ಬಿಟ್ಟಿಲ್ಲ.

ಮೊದಲು ಅಳತೆಯ ವಿಷಯ. ಕಾರು ಮತ್ತು ಲಾರಿಗಳ ಕಿಟ್‌ಗಳಲ್ಲಿ ಹೆಚ್ಚಿನವು 1:24 ಪ್ರಮಾಣದಲ್ಲಿರುತ್ತವೆ. ನಿಜವಾದ ವಾಹನದ ಒಂದು ಅಡಿ ಇಲ್ಲಿ ಅರ್ಧ ಇಂಚಾಗುತ್ತದೆ. ಅಮೆರಿಕದ ಎಎಂಟಿಯಂತಹ ಕಂಪನಿಗಳ ಕಾರುಗಳು 1:25ರಲ್ಲಿ ಬರುತ್ತವೆ. ಅಂತರ ಸಣ್ಣದೆಂದು ತೋರಿದರೂ 4.8 ಮೀಟರ್ ಉದ್ದದ ಕಾರು ಒಂದರಲ್ಲಿ 200 ಮಿಲಿಮೀಟರ್, ಇನ್ನೊಂದರಲ್ಲಿ 192 ಮಿಲಿಮೀಟರ್ ಆಗುತ್ತದೆ. ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟಾಗ ಕಣ್ಣಿಗೆ ಹೊಡೆಯುವಷ್ಟಲ್ಲ, ಆದರೆ ಒಂದರ ಚಕ್ರವನ್ನು ಇನ್ನೊಂದಕ್ಕೆ ಹಾಕಹೊರಟಾಗ ತೊಡಕಾಗುತ್ತದೆ. ಆರು ಮೀಟರಿನ ಟ್ರ್ಯಾಕ್ಟರ್ ಲಾರಿ (ಟ್ರೇಲರನ್ನು ಎಳೆಯುವ ಮುಂದಿನ ವಾಹನ) 1:24ರಲ್ಲಿ 25 ಸೆಂಟಿಮೀಟರ್ ಆಗುತ್ತದೆ. ಅದಕ್ಕೆ ಯುರೋಪಿನ 13.6 ಮೀಟರಿನ ಟ್ರೇಲರ್ ಜೋಡಿಸಿದರೆ ಎರಡೂ ಸೇರಿ ಎರಡು ಅಡಿಯನ್ನು ಮೀರುತ್ತವೆ. ಕಿಟ್ ಕೊಳ್ಳುವ ಮೊದಲು ಕಪಾಟಿನ ಉದ್ದವನ್ನು ಅಳೆಯಿರಿ ಎಂದು ನಾನು ಎಲ್ಲರಿಗೂ ಹೇಳುವುದು ಈ ಕಾರಣಕ್ಕೆ.

ಎರಡನೆಯದು ಅಚ್ಚಿನ ವಯಸ್ಸು. ಹೊಸ ಪೆಟ್ಟಿಗೆಯಲ್ಲಿ ಹಳೆಯ ಅಚ್ಚಿನ ಭಾಗಗಳಿರುವುದು ಈ ಉದ್ಯಮದಲ್ಲಿ ಸಾಮಾನ್ಯ. 1960ರ ದಶಕದಲ್ಲಿ ಕೊರೆದ ಉಕ್ಕಿನ ಅಚ್ಚುಗಳಿಂದ ಇಂದಿಗೂ ಕಿಟ್‌ಗಳು ಬರುತ್ತಿವೆ, ಅವುಗಳಿಗೆ ಅವುಗಳದೇ ಆದ ಘನತೆಯೂ ಇದೆ. ಆದರೆ ಹಳೆಯ ಅಚ್ಚಿನ ಎರಡು ಹೋಳುಗಳ ನಡುವೆ ಪ್ಲಾಸ್ಟಿಕ್ ನುಸುಳಿ ಭಾಗಗಳ ಅಂಚಿಗೆ ತೆಳ್ಳನೆಯ ಪೊರೆ ಬಂದಿರುತ್ತದೆ, ಅದನ್ನು ಕೆರೆದು ತೆಗೆಯದೆ ಯಾವುದೂ ಸರಿಯಾಗಿ ಕೂರುವುದಿಲ್ಲ. ಮೊದಲ ಕಿಟ್ ಕೊಳ್ಳುವವರಿಗೆ ಆ ಕೆಲಸ ಬೇಡ ಎಂಬುದು ನನ್ನ ಅಭಿಪ್ರಾಯ. ಜಪಾನಿನ ಶಿಜುವೋಕದ ತಮಿಯಾ ಕಂಪನಿಯ 1:24 ಕಾರುಗಳಿಂದ ಆರಂಭಿಸುವುದು ಒಳ್ಳೆಯದು. 1946ರಲ್ಲಿ ಮರ ಕೊಯ್ಯುವ ಕಾರ್ಖಾನೆಯಾಗಿ ಶುರುವಾದ ಈ ಕಂಪನಿಯವರು, 1976ರಲ್ಲಿ 1:12 ಪ್ರಮಾಣದ ಪೋರ್ಷೆ 934 ಕಿಟ್ ತರುವಾಗ ನಿಜವಾದ ಪೋರ್ಷೆ 911 ಕಾರೊಂದನ್ನೇ ಕೊಂಡು, ಪೂರ್ತಿ ಬಿಚ್ಚಿ ನೋಡಿದ್ದರು. ಆ ಶ್ರದ್ಧೆ ಭಾಗಕ್ಕೆ ಭಾಗ ಕೂರುವ ರೀತಿಯಲ್ಲಿಯೇ ಗೊತ್ತಾಗುತ್ತದೆ. ನನ್ನ ಮೊದಲ ಕಿಟ್ ಅವರ 1966ರ ಫೋಕ್ಸ್‌ವ್ಯಾಗನ್ 1300 ಬೀಟಲ್ ಆಗಿತ್ತು. ಅಂಟು, ಬಣ್ಣ ಎರಡೂ ಬೇಡವೆನ್ನುವ ಮಕ್ಕಳಿಗಾದರೆ ಅಓಶಿಮಾದವರ 1:32 ಪ್ರಮಾಣದ ಸುಜುಕಿ ಜಿಮ್ನಿ ಕೊಡಿಸುತ್ತೇನೆ. ಅದರ ಭಾಗಗಳು ಬಣ್ಣದ ಪ್ಲಾಸ್ಟಿಕ್ಕಿನಲ್ಲೇ ಬರುತ್ತವೆ, ಒತ್ತಿದರೆ ಕೂರುತ್ತವೆ.

ಕಾರು ಬಣ್ಣದ ಕೆಲಸ ಎಂದೆನಲ್ಲ, ಅದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ಮಾದರಿಯ ಮೇಲೆ ಬಣ್ಣದ ಪದರ 0.1 ಮಿಲಿಮೀಟರ್ ದಪ್ಪವಾದರೆ, ನಿಜವಾದ ಕಾರಿನ ಮೇಲೆ ಅದು 2.4 ಮಿಲಿಮೀಟರ್ ದಪ್ಪದ ಬಣ್ಣಕ್ಕೆ ಸಮ. ಅಷ್ಟು ದಪ್ಪ ಬಣ್ಣ ಬಳಿದ ಕಾರಿನ ಬಾಗಿಲಿನ ಗೆರೆಗಳು ಮುಚ್ಚಿಹೋಗಿ, ಇಡೀ ಬಾಡಿ ಒಂದು ಸಾಬೂನಿನಂತೆ ಕಾಣುತ್ತದೆ. ನನ್ನ ಎರಡನೆಯ ಕಾರು ಹಾಗೆಯೇ ಹಾಳಾಯಿತು. ಅಂದಿನಿಂದ ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಪದರ) ಹೊಡೆಯುವ ಮೊದಲೇ ಬಾಗಿಲು, ಬಾನೆಟ್, ಡಿಕ್ಕಿಗಳ ಗೆರೆಗಳನ್ನು ಆಳ ಮಾಡಿಕೊಳ್ಳುತ್ತೇನೆ. ಸಣ್ಣ ಚಾಕುವಿನ ಹರಿತವಾದ ಅಂಚನ್ನಲ್ಲ, ಅದರ ಬೆನ್ನನ್ನು ಗೆರೆಯೊಳಗೆ ಇಟ್ಟು, ಭಾರ ಹಾಕದೆ, ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಮೊದಲ ಎರಡು ಎಳೆತಕ್ಕೆ ಏನೂ ಆದಂತೆ ಕಾಣುವುದಿಲ್ಲ. ಐದಾರು ಸಲ ಎಳೆದ ಮೇಲೆ ಕೂದಲೆಳೆಯಷ್ಟು ತೆಳುವಾದ ಪ್ಲಾಸ್ಟಿಕ್ ಸುರುಳಿ ಗೆರೆಯಿಂದ ಎದ್ದು ಬರುತ್ತದೆ. ಬಾಗಿಲಿನ ಹಿಡಿಕೆಯ ಬಳಿ ಕೈ ನಿಧಾನವಾಗಬೇಕು, ಏಕೆಂದರೆ ಚಾಕು ಗೆರೆ ಬಿಟ್ಟು ಜಾರುವುದು ಹೆಚ್ಚಾಗಿ ಆ ತಿರುವಿನಲ್ಲಿಯೇ. ನಂತರ ಬಾಡಿಯನ್ನು ಸ್ವಲ್ಪ ಸೋಪು ಹಾಕಿದ ನೀರಿನಲ್ಲಿ ತೊಳೆದು ಒಣಗಿಸುತ್ತೇನೆ. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಕಾರ್ಖಾನೆಯಲ್ಲಿ ಹಚ್ಚಿದ ಜಿಡ್ಡು ಉಳಿದಿದ್ದರೆ ಬಣ್ಣ ಅಲ್ಲಲ್ಲಿ ಹಿಡಿಯದೆ ಬಿಟ್ಟುಕೊಳ್ಳುತ್ತದೆ.

ಬಣ್ಣದ ಪೂರೈಕೆಯೇ ನಮ್ಮಲ್ಲಿ ದೊಡ್ಡ ಕಷ್ಟ. ಸ್ಪ್ರೇ ಡಬ್ಬಿಗಳನ್ನು ಅಪಾಯಕಾರಿ ಸರಕೆಂದು ಪರಿಗಣಿಸುವುದರಿಂದ ಹೊರದೇಶದಿಂದ ವಿಮಾನದ ಟಪಾಲಿನಲ್ಲಿ ತರಿಸಿಕೊಳ್ಳುವಂತಿಲ್ಲ. ಹಾಗಾಗಿ ನಾನು ಏರ್‌ಬ್ರಶ್ ಎಂಬ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಲೇಖನಿಯಂತಹ ಸಾಧನವನ್ನೂ ಅದಕ್ಕೆ ಗಾಳಿ ಕೊಡುವ ಸಣ್ಣ ಕಂಪ್ರೆಸರನ್ನೂ ಕೊಂಡೆ. ಬಣ್ಣಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆಗೆ ಹೋದೆ. ಬಿಡಿಭಾಗಗಳ ಅಂಗಡಿಗಳ ಆ ಸಾಲಿನಲ್ಲಿ ನಿಜವಾದ ಕಾರುಗಳಿಗೆ ಹೊಡೆಯುವ ಬಣ್ಣ ಸಿಗುತ್ತದೆ, ಅದನ್ನು ತೆಳುಮಾಡಿ ಬಳಸಬಹುದು. ಆದರೆ ಎರಡು ಎಚ್ಚರಿಕೆ ಬೇಕು. ಎನ್‌ಸಿ ಥಿನ್ನರ್ (ಬಣ್ಣ ತೆಳುಮಾಡುವ ದ್ರವ) ಬರಿಯ ಪಾಲಿಸ್ಟೈರೀನ್ ಮೇಲೆ, ಅಂದರೆ ಕಿಟ್ಟಿನ ಪ್ಲಾಸ್ಟಿಕ್ ಮೇಲೆ, ನೇರವಾಗಿ ಬಿದ್ದರೆ ಪ್ಲಾಸ್ಟಿಕ್ ಕರಗಿ ಬಿರುಕು ಬಿಟ್ಟಂತಾಗುತ್ತದೆ, ಆದ್ದರಿಂದ ಕೆಳಗೆ ಪ್ರೈಮರ್ ಇರಲೇಬೇಕು, ಮೇಲಿನ ಪದರಗಳು ಇಬ್ಬನಿಯಷ್ಟು ತೆಳುವಾಗಿರಬೇಕು. ಇನ್ನೊಂದು, ಕಾರಿನ ಮೆಟಾಲಿಕ್ ಬಣ್ಣದಲ್ಲಿರುವ ಮಿನುಗಿನ ಕಣಗಳು ನಿಜವಾದ ಕಾರಿಗೆ ಸರಿಯಾದ ಗಾತ್ರದವು, 1:24ರಲ್ಲಿ ಅವು ಮರಳಿನ ಕಾಳುಗಳಂತೆ ಕಾಣುತ್ತವೆ. ಅಲ್ಲಿಂದ ನಾನು ಸಾದಾ ಬಣ್ಣಗಳನ್ನು ಮಾತ್ರ ತರುತ್ತೇನೆ, ಮೆಟಾಲಿಕ್ ಬೇಕಾದರೆ ಮಾದರಿಗಳಿಗೆಂದೇ ತಯಾರಾದ ಬಣ್ಣವನ್ನು ಹುಡುಕುತ್ತೇನೆ. ಹಿಂದೆ ಪರೀಕ್ಷೆಗೆ ಪ್ಲಾಸ್ಟಿಕ್ ಚಮಚಗಳನ್ನು ಬಳಸುತ್ತಿದ್ದೆ, ಅವುಗಳ ಉಬ್ಬು ಕಾರಿನ ಬಾನೆಟ್ಟಿನ ಉಬ್ಬನ್ನು ಹೋಲುತ್ತಿತ್ತು. 2022ರ ಜುಲೈಯಿಂದ ಅಂತಹ ಚಮಚಗಳಿಗೆ ನಿಷೇಧ ಬಂದ ಮೇಲೆ ಹಳೆಯ, ಬಿಟ್ಟುಹೋದ ಕಿಟ್ಟಿನ ಬಾಡಿಯೊಂದನ್ನೇ ಅದಕ್ಕೆ ಮೀಸಲಿಟ್ಟಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದ ದಿನಗಳಲ್ಲಿ ಇಂತಹ ಥಿನ್ನರ್ ಬೆರೆಸುವ ಲ್ಯಾಕರ್ ಬಣ್ಣ ಹೊಡೆಯುವುದೇ ಇಲ್ಲ. ಗಾಳಿಯ ತೇವ ಬಣ್ಣದೊಳಗೆ ಸೇರಿ ಮೇಲ್ಮೈ ಹಾಲಿನ ಕೆನೆ ಕಟ್ಟಿದಂತೆ ಬೆಳ್ಳಗಾಗುತ್ತದೆ.

ಉಳಿದದ್ದನ್ನು ಬೇಗ ಹೇಳಬಹುದು. 2000ದ ವಾಟರ್ ಪೇಪರಿನಿಂದ ಒದ್ದೆಯಾಗಿ ಉಜ್ಜಿ ಪಾಲಿಶ್ ಮಾಡುವಾಗ ಅಂಚುಗಳನ್ನು ಮುಟ್ಟಬಾರದು, ಬಣ್ಣ ಮೊದಲು ಹಾರುವುದು ಅಲ್ಲಿಯೇ. ಕಿಟಕಿಯ ಗಾಜುಗಳಿಗೆ ಫೆವಿಕ್ವಿಕ್‌ನಂತಹ ಅಂಟು ಬೇಡ, ಅದರ ಆವಿಗೆ ಪಾರದರ್ಶಕ ಪ್ಲಾಸ್ಟಿಕ್ ಮಂಜು ಕವಿದಂತಾಗುತ್ತದೆ. ಬಿಳಿಯ ಫೆವಿಕಾಲ್ ಒಣಗಿದ ಮೇಲೆ ಕಾಣುವುದಿಲ್ಲ, ಹಿಡಿತವೂ ಸಾಕು. ಕ್ರೋಮ್ ಲೇಪವಿದ್ದ ಭಾಗಗಳನ್ನು ಅಂಟಿಸುವ ಜಾಗದಲ್ಲಿ ಕೆರೆದುಕೊಳ್ಳಬೇಕು, ಏಕೆಂದರೆ ಕಿಟ್ಟಿನ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆಯೇ ಹೊರತು ಲೇಪವನ್ನಲ್ಲ.

ಇನ್ನು ಲಾರಿ. ರಾಣೆಬೆನ್ನೂರಿನಲ್ಲಿ ಪುಣೆ–ಬೆಂಗಳೂರು ರಸ್ತೆಯ ಬದಿಗೆ ನನ್ನ ಕಾಕಾ ಲಾರಿ ಗ್ಯಾರೇಜು ನಡೆಸುತ್ತಿದ್ದರು. 1998ರಲ್ಲಿ ಹೊಸಕೋಟೆಯಲ್ಲಿ ವೋಲ್ವೊ ಕಾರ್ಖಾನೆ ಶುರುವಾದ ಮೇಲೆ ಆ ರಸ್ತೆಯಲ್ಲಿ ಎಫ್‌ಎಚ್ ಲಾರಿಗಳು ಕಾಣತೊಡಗಿದಾಗ, ಅವು ಬಂದು ನಿಂತರೆ ಗ್ಯಾರೇಜಿನ ಕೆಲಸವೆಲ್ಲ ಒಂದು ಕ್ಷಣ ನಿಲ್ಲುತ್ತಿತ್ತು. ನನಗೆ ಲಾರಿಯ ಕಿಟ್ ಕಟ್ಟುವ ಆಸೆ ಹುಟ್ಟಿದ್ದು ಅಲ್ಲಿಂದಲೇ. ಅಪಘಾತದ ಲಾರಿ ಬಂದರೆ ಕಾಕಾ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಚಾಸಿಯ ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆಯುವುದು. ಎರಡು ಕರ್ಣಗಳು ಸಮ ಬಂದರೆ ಮಾತ್ರ ಮುಂದಿನ ಮಾತು. "ಚಾಸಿ ಸೊಟ್ಟ ಇದ್ರ ಎಷ್ಟ ಬಣ್ಣಾ ಹಚ್ಚಿದ್ರೂ ಗಾಡಿ ಒಂದ್ ಕಡೀಗೇ ಎಳೀತೈತಿ, ತಮ್ಮಾ" ಎನ್ನುತ್ತಿದ್ದರು.

ಆದರೂ ನನ್ನ ಮೊದಲ ಲಾರಿಯನ್ನು ಕಟ್ಟುವಾಗ ಆ ಮಾತು ನೆನಪಾಗಲಿಲ್ಲ. ಅದು ಬಹಳ ವರ್ಷ ಯಾರದೋ ಅಟ್ಟದಲ್ಲಿದ್ದ, ಎರಡು ಆಕ್ಸಲ್‌ಗಳ ಟ್ರ್ಯಾಕ್ಟರ್ ಲಾರಿಯ ಕಿಟ್. ಚಾಸಿಯ ಎರಡು ಉದ್ದನೆಯ ಪಟ್ಟಿಗಳಲ್ಲಿ ಒಂದು ಬಿಸಿಲಿನ ಶಾಖಕ್ಕೆ ಸ್ವಲ್ಪ ತಿರುಚಿಕೊಂಡಿತ್ತು. ಕೈಯಲ್ಲಿ ಹಿಡಿದಾಗ ಅದು ಗೊತ್ತಾಗದಷ್ಟು ಸಣ್ಣದು. ನಾನು ಅಡ್ಡಪಟ್ಟಿಗಳನ್ನು ಅಂಟಿಸಿ, ಕಮಾನು ಪಟ್ಟಿ, ಆಕ್ಸಲ್, ಇಂಜಿನ್ ಎಲ್ಲವನ್ನೂ ಕೂರಿಸಿ, ಬಣ್ಣ ಹೊಡೆದು, ಆರು ಚಕ್ರಗಳನ್ನು ಹಾಕಿ ಮೇಜಿನ ಮೇಲಿಟ್ಟಾಗ ಎಡಗಡೆಯ ಮುಂದಿನ ಚಕ್ರ ನೆಲ ಮುಟ್ಟಲಿಲ್ಲ. ಒಂದೂವರೆ ಮಿಲಿಮೀಟರ್ ಅಂತರ. ಅಷ್ಟು ಹೊತ್ತಿಗೆ ಎಲ್ಲ ಬೆಸುಗೆಗಳೂ ಗಟ್ಟಿಯಾಗಿದ್ದವು. ಕ್ಯಾಬಿನ್ನಿಗೆ ಹೊಡೆದ ಬಣ್ಣ ಆವರೆಗಿನ ನನ್ನ ಕೆಲಸದಲ್ಲಿಯೇ ಉತ್ತಮವಾದದ್ದು, ಅದರಿಂದ ಪ್ರಯೋಜನವಾಗಲಿಲ್ಲ.

ಈಗ ಲಾರಿಯ ಪೆಟ್ಟಿಗೆ ತೆರೆದ ಕೂಡಲೇ ಚಾಸಿಯ ಪಟ್ಟಿಗಳನ್ನು ಸ್ಪ್ರೂನಿಂದ, ಅಂದರೆ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿನಿಂದ, ಬಿಡಿಸುತ್ತೇನೆ. ಭಾಗವನ್ನು ಸ್ಪ್ರೂಗೆ ಹಿಡಿದಿರುವ ಕೊಂಡಿಯನ್ನು ಒಂದೇ ಸಲಕ್ಕೆ ಬುಡದಲ್ಲಿ ಕತ್ತರಿಸದೆ, ಮೊದಲು ದೂರದಲ್ಲಿ ಕತ್ತರಿಸಿ, ಉಳಿದ ಮೊಳೆಯನ್ನು ಚಾಕುವಿನಿಂದ ಚೂರುಚೂರಾಗಿ ತೆಗೆದು, 600ರ ಉಪ್ಪುಕಾಗದದಿಂದ ಸಮ ಮಾಡುತ್ತೇನೆ. ನಂತರ ಪಟ್ಟಿಯನ್ನು ದಪ್ಪ ಗಾಜಿನ ಹಲಗೆಯ ಮೇಲೆ ಮಲಗಿಸಿ, ಒಂದು ತುದಿಯನ್ನು ಬೆರಳಿನಿಂದ ಒತ್ತುತ್ತೇನೆ. ಇನ್ನೊಂದು ತುದಿ ಎದ್ದರೆ ಬಾಗಿದೆ ಎಂದರ್ಥ. ಕೈಗೆ ಸುಡುವಷ್ಟು ಬಿಸಿಯಾದ, ಆದರೆ ಕುದಿಯದ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಎದುರು ದಿಕ್ಕಿಗೆ ಸ್ವಲ್ಪ ಹೆಚ್ಚಾಗಿಯೇ ತಿರುಚಿ, ತಣ್ಣೀರಿನಲ್ಲಿ ಹಿಡಿಯುತ್ತೇನೆ. ಒಂದೇ ಸಲಕ್ಕೆ ಸರಿಹೋಗದಿದ್ದರೆ ಮತ್ತೆ ಮಾಡುತ್ತೇನೆ, ಬಲ ಹಾಕುವುದಿಲ್ಲ.

ಜೋಡಣೆಯನ್ನು ಗಾಜಿನ ಮೇಲೆಯೇ ಮಾಡುತ್ತೇನೆ. ಗಾಜಿನ ಕೆಳಗೆ ಗ್ರಾಫ್ ಕಾಗದ ಅಂಟಿಸಿದ್ದೇನೆ, ಎರಡೂ ಪಟ್ಟಿಗಳು ಅದರ ಗೆರೆಗಳ ಮೇಲೆ ಕೂರಬೇಕು. ಅಡ್ಡಪಟ್ಟಿಗಳಿಗೆ ಬೇಗ ಹಿಡಿಯುವ ತೆಳು ಅಂಟಿನ ಬದಲು ದಪ್ಪ ಅಂಟನ್ನು ಬಳಸುತ್ತೇನೆ, ಸರಿಪಡಿಸಿಕೊಳ್ಳಲು ಹತ್ತು ನಿಮಿಷ ಸಿಗುತ್ತದೆ. ಆ ಹತ್ತು ನಿಮಿಷಗಳಲ್ಲಿ ಬಡಗಿಯ ಮೂಲೆಮಟ್ಟವನ್ನು ಪ್ರತಿ ಮೂಲೆಗೂ ಹಿಡಿದು, ಹೊಲಿಗೆ ದಾರದಿಂದ ಕರ್ಣಗಳನ್ನು ಅಳೆದು, ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೆಲ್ಲಗೆ ಸರಿಸಿ, ಮೇಲೆ ಮರದ ತುಂಡುಗಳನ್ನು ಭಾರಕ್ಕಿಟ್ಟು ಮರುದಿನದವರೆಗೆ ಮುಟ್ಟುವುದಿಲ್ಲ. ಮುಂದೆ ಆಕ್ಸಲ್‌ಗಳನ್ನು ಅಂಟಿಲ್ಲದೆ ಕೂರಿಸಿ, ಚಕ್ರಗಳನ್ನೂ ಸುಮ್ಮನೆ ಸಿಕ್ಕಿಸಿ, ಪ್ರತಿ ಟೈರಿನ ಕೆಳಗೆ ಸಿಗರೇಟಿನ ಪೊಟ್ಟಣದ ಬೆಳ್ಳಿ ಕಾಗದದ ಚೂರು ನುಗ್ಗಿಸಿ ಎಳೆದು ನೋಡುತ್ತೇನೆ. ಆರೂ ಕಡೆ ಒಂದೇ ಬಿಗಿತ ಬಂದರೆ ಮಾತ್ರ ಅಂಟು ಹಾಕುತ್ತೇನೆ. ಈ ಎರಡು ದಿನಗಳ ಕೆಲಸ ಸರಿಯಾದರೆ ನೂರಾರು ಭಾಗಗಳ ಉಳಿದ ಲಾರಿ ಹೇಳಿದಂತೆ ಕೇಳುತ್ತದೆ.

ಹಾಗಾಗಿ ಲಾರಿಯ ಕಿಟ್ ಆರಿಸುವಾಗ ಈಗ ನಾನು ಮುಚ್ಚಳದ ಕ್ಯಾಬಿನ್ನನ್ನು ಕೊನೆಗೆ ನೋಡುತ್ತೇನೆ. ಸಾಧ್ಯವಾದರೆ ಸೂಚನಾಪತ್ರವನ್ನು ಮೊದಲೇ ಹುಡುಕಿ, ಚಾಸಿ ಎಷ್ಟು ತುಂಡುಗಳಲ್ಲಿದೆ, ಅಡ್ಡಪಟ್ಟಿಗಳು ತೋಡಿನೊಳಗೆ ಕೂರುತ್ತವೆಯೋ ಬರೀ ತಾಗಿ ನಿಲ್ಲುತ್ತವೆಯೋ, ಆಕ್ಸಲ್‌ಗಳು ಎಷ್ಟು ಎಂದು ನೋಡುತ್ತೇನೆ. ಎರಡು ಆಕ್ಸಲ್‌ಗಳ ಟ್ರ್ಯಾಕ್ಟರ್‌ನಿಂದ ಆರಂಭಿಸಿದರೆ ಒಳ್ಳೆಯದು. ಇಟಲಿಯ ಇಟಲೇರಿ ಕಂಪನಿಯ ಪಟ್ಟಿಯಲ್ಲಿ ವೋಲ್ವೊ ಎಫ್12, ಎಫ್16, ಎಫ್‌ಎಚ್ ಸೇರಿದಂತೆ ಯುರೋಪಿನ ಲಾರಿಗಳು ಹೇರಳವಾಗಿವೆ. ಇಂತಹ ಕಿಟ್‌ಗಳಲ್ಲಿ ಸ್ಟಿಯರಿಂಗ್ ಸಾಮಾನ್ಯವಾಗಿ ಎಡಗಡೆಗಿರುತ್ತದೆ. ನಮ್ಮ ರಸ್ತೆಯ ಲಾರಿಯನ್ನೇ ಕಟ್ಟಬೇಕೆನ್ನುವವರು ಡ್ಯಾಶ್‌ಬೋರ್ಡನ್ನು ಕತ್ತರಿಸಿ ಬಲಕ್ಕೆ ತರುವ ಕೆಲಸಕ್ಕೂ ಸಿದ್ಧರಿರಬೇಕು. ನನ್ನ ಎಫ್‌ಎಚ್‌ಗೆ ಆ ಕೆಲಸವೊಂದೇ ಮೂರು ವಾರ ಹಿಡಿಯಿತು, ಆದರೆ ಕಾಕಾ ಅದನ್ನು ಕೈಗೆತ್ತಿಕೊಂಡು ಮೊದಲು ನೋಡಿದ್ದು ಆ ಬಲಗಡೆಯ ಸ್ಟಿಯರಿಂಗನ್ನೇ.

ಟೈರುಗಳ ಬಗ್ಗೆ ಒಂದು ಮಾತು ಉಳಿಯಿತು. ಕೆಲವು ಕಿಟ್‌ಗಳ ಮೆದು ವಿನೈಲ್ ಟೈರಿನಲ್ಲಿರುವ ದ್ರವ್ಯ ವರ್ಷಗಳು ಕಳೆದಂತೆ ಒಸರಿ ಪಾಲಿಸ್ಟೈರೀನ್ ರಿಮ್ಮನ್ನು ಕರಗಿಸುತ್ತದೆ. ಆದ್ದರಿಂದ ಹಳೆಯ ಪೆಟ್ಟಿಗೆ ತಂದ ದಿನವೇ ಟೈರುಗಳನ್ನು ಬೇರೆ ಚೀಲಕ್ಕೆ ಹಾಕುತ್ತೇನೆ, ಕಟ್ಟುವಾಗ ರಿಮ್ಮಿನ ಅಂಚಿಗೆ ತೆಳ್ಳನೆಯ ಫೆವಿಕಾಲ್ ಪದರ ಹಚ್ಚಿ ಒಣಗಿಸಿದ ಮೇಲೆಯೇ ಟೈರ್ ಏರಿಸುತ್ತೇನೆ.

ಈಗ ಮೇಜಿನ ಮೇಲೆ ಎಫ್‌ಎಚ್ ಲಾರಿಗೆ ಜೋಡಿಸಬೇಕಾದ 13.6 ಮೀಟರಿನ ಟ್ರೇಲರ್ ಇದೆ. 1:24ರಲ್ಲಿ ಅದರ ಪಟ್ಟಿಗಳು 567 ಮಿಲಿಮೀಟರ್ ಉದ್ದ, ನನ್ನ ಗಾಜಿನ ಹಲಗೆ ಒಂದೂವರೆ ಅಡಿ ಮಾತ್ರ. ಗಾಜಿನ ಅಂಗಡಿಯಲ್ಲಿ ಎರಡೂವರೆ ಅಡಿ ಉದ್ದದ, ಹತ್ತು ಮಿಲಿಮೀಟರ್ ದಪ್ಪದ ಹಲಗೆಗೆ ಹೇಳಿ ಬಂದಿದ್ದೇನೆ. ಅದು ಬರುವವರೆಗೆ ಪಟ್ಟಿಗಳು ಸ್ಪ್ರೂನಲ್ಲಿಯೇ ಇರಲಿವೆ.