ಅನುಮಾನಕ್ಕೂ ಒಂದು ಹಂಗಾಮು

ಚಾಟ್ನಿ ಮಾಡುವ, ಅಂದರೆ ದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನು ಸವರುವ, ಕತ್ತರಿ ಕೈಯಲ್ಲಿರುವಾಗ ಅನುಮಾನ ಪಡಬಾರದು ಎಂದು ನಮ್ಮ ಮಾವನವರು ಹೇಳುತ್ತಿದ್ದರು. ಅದೇ ಕತ್ತರಿ ಇನ್ನೂ ಗೋಡೆಯ ಗೂಡಿನಲ್ಲಿರುವಾಗ ಅವರಷ್ಟು ಅನುಮಾನದ ಮನುಷ್ಯ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಸೆಪ್ಟೆಂಬರ್ ಪೂರ್ತಿ ಸಾಲು ಸಾಲು ತಿರುಗುತ್ತಿದ್ದರು, ಕಡ್ಡಿಗಳನ್ನು ಬಗ್ಗಿಸಿ ನೋಡುತ್ತಿದ್ದರು, ಕಂಡವರನ್ನೆಲ್ಲ ಕೇಳುತ್ತಿದ್ದರು. ಕೇಳಿದವರು ಬೇಸತ್ತು ದಾರಿ ಬದಲಿಸುತ್ತಿದ್ದುದೂ ಉಂಟು. ಚಾಟ್ನಿಯ ದಿನ ಬೆಳಗಾಗುತ್ತಲೇ ಆ ಮನುಷ್ಯನೇ ಬೇರೆ. ಕೂಲಿಯವರು ಏನು ಕೇಳಿದರೂ ಒಂದೇ ಉತ್ತರ, ಒಂದೇ ಅಳತೆ.

ನಮ್ಮದು ತಿಕೋಟಾ ಭಾಗದ ಊರು. ರಾಜ್ಯದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ವಿಜಯಪುರ. ಇಲ್ಲಿ ಬೆಳೆದದ್ದರಲ್ಲಿ ದೊಡ್ಡ ಪಾಲು ಶೆಡ್ಡಿನಲ್ಲಿ ಒಣಗಿ ಮಣೂಕ, ಅಂದರೆ ಒಣದ್ರಾಕ್ಷಿ, ಆಗುತ್ತದೆ. ನಮ್ಮ ಯಜಮಾನರು ಪ್ರೌಢಶಾಲೆಯ ಶಿಕ್ಷಕರು. ಕೆಲಸ ಬಾಗಲಕೋಟೆ ಜಿಲ್ಲೆಯಲ್ಲಿ, ಬೇಸಾಯ ಭಾನುವಾರದಂದು. ಮಾವನವರ ಮೊಣಕಾಲು ಸೋತ ಮೇಲೆ ತೋಟ ನನ್ನ ಪಾಲಿಗೆ ಬಂತು. ಸೊಸೆ ಸಮರ್ಥಳು ಎಂದು ನಂಬಿ ಯಾರೂ ಕೊಟ್ಟದ್ದಲ್ಲ, ಕೊಡಲು ಬೇರೆ ಯಾರೂ ಇರಲಿಲ್ಲ.

ದ್ರಾಕ್ಷಿಯ ಬೇಸಾಯ ದಿನಕ್ಕೊಂದು ನಿರ್ಧಾರ ಕೇಳುತ್ತದೆ. ಅಕ್ಟೋಬರ್ ಚಾಟ್ನಿಯಿಂದ ಕಟಾವಿನವರೆಗೆ ನಾಲ್ಕು ತಿಂಗಳಿಗೂ ಮೇಲೆ. ಮೋಡ ಕವಿದರೆ ಔಷಧಿ ಹೊಡೆಯಬೇಕೇ, ಇಬ್ಬನಿ ಬಿದ್ದರೆ ಹೊಡೆಯಬೇಕೇ, ನಿನ್ನೆ ಹೊಡೆದದ್ದು ತೊಳೆದು ಹೋಯಿತೇ? ಪಕ್ಕದ ತೋಟದಲ್ಲಿ ಔಷಧಿ ಸಿಂಪಡಿಸುವ ಬ್ಲೋವರ್ ಸದ್ದು ಎದ್ದರೆ ಸಾಕು, ನನ್ನ ಹೊಟ್ಟೆಯಲ್ಲಿ ತಳಮಳ. ಔಷಧಿ ಅಂಗಡಿಯವರಿಗೆ ಮಾತ್ರ ಎಂದೂ ಅನುಮಾನ ಬರುವುದಿಲ್ಲ. 'ಅಕ್ಕಾ, ಇದನ್ನು ಹೊಡೆಯಿರಿ, ಹದಿನಾರಾಣೆ ಗ್ಯಾರಂಟಿ' ಎನ್ನುತ್ತಾರೆ. ಫಲ ಬಂದರೆ ಔಷಧಿಯದ್ದು, ಬಾರದಿದ್ದರೆ ಹವಾಮಾನದ್ದು. ಅಂಥ ಗಟ್ಟಿತನ ನನಗೂ ಇರಬಾರದಿತ್ತೇ ಎಂದು ಆಗ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ತಪ್ಪಿದರೆ ತನಗೇನೂ ನಷ್ಟವಿಲ್ಲದವನ ಧೈರ್ಯಕ್ಕೆ ಬೆಲೆ ಕಟ್ಟುವುದು ಕಷ್ಟ.

ದಾರಿ ತೋರಿಸಿದ್ದು ಕಡ್ಡಿಯ ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು. ದ್ರಾಕ್ಷಿ ಬೆಳೆಯದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನಮ್ಮಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಒಂದು ಬೆಳೆ. ಏಪ್ರಿಲ್ ಚಾಟ್ನಿಯ ನಂತರ ಹೊಸ ಕಡ್ಡಿಗಳು ಬರುತ್ತವೆ. ಸುಮಾರು ನಲವತ್ತು ದಿನಗಳ ಆಚೆ ಈಚೆ, ಅವುಗಳ ಕಣ್ಣುಗಳೊಳಗೆ ಮುಂದಿನ ಗೊನೆಯ ಮೊಳಕೆ ರೂಪುಗೊಳ್ಳುತ್ತದೆ. ಆ ಹೊತ್ತಿನಲ್ಲಿ ಮೋಡ ಹಿಡಿದು ಬಿಸಿಲು ಕಡಿಮೆಯಾದರೆ, ನೀರು ಮತ್ತು ಸಾರಜನಕ ಹೆಚ್ಚಾಗಿ ಎಲೆಯೇ ಸೊಕ್ಕಿದರೆ, ಕೆಲವು ಕಣ್ಣುಗಳಲ್ಲಿ ಗೊನೆಯ ಬದಲು ಬರೀ ಬಳ್ಳಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಅಕ್ಟೋಬರಿನಲ್ಲಿ ಫಲವಿರುವ ಕಣ್ಣಿಗಿಂತ ಕೆಳಗೆ ಕತ್ತರಿಸಿದರೆ ಆ ವರ್ಷ ಎಲೆಗಳನ್ನು ಎಣಿಸುತ್ತ ಕೂರಬೇಕು. ಆದ್ದರಿಂದ ಚಾಟ್ನಿಗೆ ಮೊದಲು ಮಾದರಿ ಕಡ್ಡಿಗಳನ್ನು ಪ್ರಯೋಗಾಲಯಕ್ಕೆ ಒಯ್ಯುತ್ತೇವೆ. ಅಲ್ಲಿ ಪ್ರತಿ ಕಣ್ಣನ್ನೂ ತೆಳ್ಳಗೆ ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಎಷ್ಟನೆಯ ಕಣ್ಣಿನಲ್ಲಿ ಗೊನೆ ಇದೆ ಎಂದು ಬರೆದುಕೊಡುತ್ತಾರೆ.

ಮೊದಲ ಸಲ ಆ ಚೀಟಿ ಹಿಡಿದುಕೊಂಡು ಬರುವಾಗ ಬಸ್ಸಿನಲ್ಲಿ ಯೋಚಿಸುತ್ತ ಕೂತೆ. 'ಈ ತೋಟ ನನ್ನ ಕೈಯಿಂದ ಆದೀತೇ' ಎಂಬ ಪ್ರಶ್ನೆಯನ್ನು ಎಷ್ಟೋ ಕಾಲದಿಂದ ಹೊತ್ತು ತಿರುಗುತ್ತಿದ್ದೆ. ಅದನ್ನು ಸೀಳಿ ನೋಡಲು ಯಾವ ಪ್ರಯೋಗಾಲಯದಲ್ಲೂ ಬ್ಲೇಡಿಲ್ಲ. 'ಆರನೆಯ ಕಣ್ಣಿನಲ್ಲಿ ಗೊನೆ ಇದೆಯೇ' ಎಂಬ ಪ್ರಶ್ನೆಗೆ ಬ್ಲೇಡು ಇದೆ. ಅಂದಿನಿಂದ, ನನ್ನ ಬಗ್ಗೆ ಎದ್ದ ಅನುಮಾನವನ್ನು ಕೆಲಸದ ಬಗ್ಗೆ ಕೇಳುವ ಪ್ರಶ್ನೆಯನ್ನಾಗಿ ಒಡೆಯತೊಡಗಿದೆ. ಒಡೆಯಲು ಬಾರದ ಅನುಮಾನವನ್ನು ಅಲ್ಲಿಗೇ ಬಿಡುತ್ತೇನೆ.

ದಾವಣಿ ಎಂಬ ಬೂಷ್ಟು ರೋಗದ ವಿಚಾರದಲ್ಲಿ ಇದು ಚೆನ್ನಾಗಿ ಕೆಲಸಕ್ಕೆ ಬಂತು. ಚಿಗುರು ಮೂರ್ನಾಲ್ಕು ಎಲೆ ಬಿಟ್ಟಾಗಿನಿಂದ ಹೂವು ಮುಗಿದು ಕಾಯಿ ಕಚ್ಚುವವರೆಗೆ ಇದರ ಭಯ ಹೆಚ್ಚು. ಮಳೆ ಬಂದು ಎಲೆ ಕೆಲವು ಗಂಟೆ ತೊಯ್ದೇ ಇದ್ದರೆ ಸೋಂಕು ತಗಲುತ್ತದೆ. ಎಲೆಯ ಮೇಲೆ ಎಣ್ಣೆ ಹನಿಸಿದ ಹಾಗೆ ಹಳದಿ ಕಲೆ ಕಾಣುತ್ತದೆ. ಆದರೆ ಎಲ್ಲ ಹಳದಿ ಕಲೆಯೂ ದಾವಣಿಯಲ್ಲ. ಸಂಶಯ ಬಂದ ಎಲೆಯನ್ನು ಕಿತ್ತು, ಒದ್ದೆ ಹತ್ತಿಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ರಾತ್ರಿ ಕತ್ತಲಲ್ಲಿ ಇಡಬೇಕು. ರೋಗ ಜೀವಂತವಾಗಿದ್ದರೆ ಬೆಳಗ್ಗೆ ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು ಎದ್ದಿರುತ್ತದೆ. ಖರ್ಚು ಒಂದು ಚೀಲ, ಒಂದು ರಾತ್ರಿ. ಮಳೆ ಜಡಿದು ಹಿಡಿದಾಗ ಆ ಒಂದು ರಾತ್ರಿಯೂ ದುಬಾರಿ. ಆಗ ಚೀಲ ಕಟ್ಟುತ್ತ ಕೂರುವುದಿಲ್ಲ, ಬ್ಲೋವರ್ ಹೊರಡುತ್ತದೆ. ಯಾವಾಗ ಪರೀಕ್ಷಿಸಬೇಕು, ಯಾವಾಗ ಪರೀಕ್ಷೆಗೂ ಸಮಯವಿಲ್ಲ ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡರೆ ಮನಸ್ಸಿನ ಗಲಾಟೆ ಅರ್ಧ ಇಳಿಯುತ್ತದೆ.

ಪರೀಕ್ಷೆಗೆ ಸಿಗದ ಪ್ರಶ್ನೆಗಳೂ ಬೇಕಾದಷ್ಟಿವೆ. ಈ ವಾರ ಮಳೆ ಬರುತ್ತದೆಯೇ, ಮಣೂಕದ ದರ ಏರುತ್ತದೆಯೇ, ಹೇಳಿದ ದಿನ ಕೂಲಿಯವರು ಬರುತ್ತಾರೆಯೇ? ಇವುಗಳಿಗಾಗಿ ಒಂದು ನೋಟ್‌ಬುಕ್ ಇಟ್ಟೆ. ಪ್ರಶ್ನೆ ಬರೆದು, ಪಕ್ಕದಲ್ಲಿ ನನ್ನ ನಂಬಿಕೆ ಎಷ್ಟಾಣೆ ಎಂದು ಬರೆಯುತ್ತೇನೆ. ರೂಪಾಯಿಗೆ ಹದಿನಾರರಂತಿದ್ದ ಆಣೆಯ ಲೆಕ್ಕ 1957ರಲ್ಲೇ ಹೋಯಿತು, ಆದರೆ ನಂಬಿಕೆ ಅಳೆಯಲು ಅದರಷ್ಟು ಹಿತವಾದ ಅಳತೆ ನನಗೆ ಬೇರೆ ಸಿಕ್ಕಿಲ್ಲ. ಶೇಕಡಾ ಎಪ್ಪತ್ತೈದು ಎಂದರೆ ಸುಳ್ಳು ಲೆಕ್ಕದ ವಾಸನೆ ಬರುತ್ತದೆ, ಹನ್ನೆರಡಾಣೆ ಎಂದರೆ ಮನಸ್ಸು ಪ್ರಾಮಾಣಿಕವಾಗಿ ಉತ್ತರಿಸುತ್ತದೆ.

ಕಟ್ಟುಪಾಡುಗಳು ಅನುಭವದಿಂದ ಬಂದವು. ಯಾರನ್ನಾದರೂ ಕೇಳುವ ಮೊದಲೇ ಬರೆಯಬೇಕು. ಕೇಳಿದ ಮೇಲೆ ಬರೆದರೆ ಅದು ಅವರ ನಂಬಿಕೆ, ನನ್ನ ಅಕ್ಷರ. ಉತ್ತರ ಗೊತ್ತಾಗುವ ತಾರೀಖನ್ನು ಹಾಕಲೇಬೇಕು. ಏನು ಕಂಡರೆ ಮನಸ್ಸು ಬದಲಿಸುತ್ತೇನೆ ಎಂದು ಒಂದು ಸಾಲು ಇರಬೇಕು. ಇಷ್ಟಾದ ಮೇಲೆ ನೋಟ್‌ಬುಕ್ ಮುಚ್ಚಿ, ಮಾಡುವ ಕೆಲಸವನ್ನು ಹದಿನಾರಾಣೆ ಮಾಡಬೇಕು.

ಈ ಕೊನೆಯ ಮಾತು ಸ್ವಲ್ಪ ವಿಚಿತ್ರವೆನಿಸಬಹುದು. ಹತ್ತಾಣೆ ನಂಬಿಕೆ ಇದ್ದವಳು ಹದಿನಾರಾಣೆ ಕೆಲಸ ಮಾಡುವುದು ಹೇಗೆ? ಸಿಂಪಡಣೆಯನ್ನೇ ನೋಡಿ. ರೋಗ ಬಂದೀತೋ ಇಲ್ಲವೋ ಎಂಬ ತೂಗಾಟದಲ್ಲಿ ಕೆಲವರು ಅರ್ಧ ಪ್ರಮಾಣದ ಔಷಧಿ ಹೊಡೆಯುತ್ತಾರೆ. ರೋಗ ಇಲ್ಲದಿದ್ದರೆ ಆ ಅರ್ಧ ದಂಡ. ಇದ್ದರೆ ಅರ್ಧಕ್ಕೆ ಅದು ಸಾಯುವುದಿಲ್ಲ; ಉಳಿದದ್ದು ಔಷಧಿಗೆ ಬಗ್ಗದೆ ಬೆಳೆಯುವ ಸಾಧ್ಯತೆ ಬೇರೆ. ಹೊಡೆಯಬೇಕು ಎಂದಾದರೆ ಹೇಳಿದ ಪ್ರಮಾಣದಲ್ಲಿ, ಎಲೆಯ ಅಡಿ ನೆನೆಯುವಂತೆ ಹೊಡೆಯಬೇಕು. ಬೇಡ ಎಂದಾದರೆ ಟ್ರ್ಯಾಕ್ಟರ್ ತೆಗೆಯಲೇಬಾರದು. ಅನುಮಾನ ಬಗೆಹರಿಯಬೇಕಾದ ಜಾಗ ಕಟ್ಟೆಯ ಮೇಲೆ, ನೋಟ್‌ಬುಕ್ಕಿನಲ್ಲಿ. ಔಷಧಿಯ ಪೀಪಾಯಿಯೊಳಗೆ ಅದನ್ನು ಕಲಸಿದರೆ ಎರಡೂ ಕೆಡುತ್ತವೆ. ಮಾವನವರು ವರ್ಷಗಟ್ಟಲೆ ಮಾಡುತ್ತಿದ್ದದ್ದು ಇದನ್ನೇ ಎಂದು ನನಗೆ ಹೊಳೆದದ್ದು ತಡವಾಗಿ.

ಹಂಗಾಮು ಮುಗಿದ ಮೇಲೆ, ಮಣೂಕ ಕೋಲ್ಡ್ ಸ್ಟೋರೇಜಿಗೆ ಹೋದ ಬಿಡುವಿನಲ್ಲಿ, ಲೆಕ್ಕ ನೋಡುತ್ತೇನೆ. ಹನ್ನೆರಡಾಣೆ ಎಂದು ಬರೆದ ಮಾತುಗಳಲ್ಲಿ ಮುಕ್ಕಾಲು ಪಾಲು ನಿಜವಾಗಿದ್ದರೆ ನನ್ನ ಅಳತೆ ಸರಿ. ಎಲ್ಲವೂ ನಿಜವಾಗಿದ್ದರೆ ನಾನು ಅನಗತ್ಯವಾಗಿ ಅಂಜಿದ್ದೇನೆ, ಅರ್ಧ ಮಾತ್ರ ನಿಜವಾಗಿದ್ದರೆ ಜಂಬ ಕೊಚ್ಚಿಕೊಂಡಿದ್ದೇನೆ. ಹವಾಮಾನ ಮುನ್ಸೂಚನೆಯನ್ನೂ ಹೀಗೆಯೇ ಒರೆಗೆ ಹಚ್ಚುತ್ತಾರೆ: ಶೇಕಡಾ ಮೂವತ್ತು ಮಳೆಯ ಸಂಭವ ಎಂದು ಹೇಳಿದ ದಿನಗಳನ್ನು ಒಟ್ಟುಗೂಡಿಸಿ, ಅವುಗಳಲ್ಲಿ ಹತ್ತಕ್ಕೆ ಮೂರು ದಿನ ಮಳೆ ಬಂದಿದೆಯೇ ಎಂದು ನೋಡುತ್ತಾರೆ. ಅಮೆರಿಕದ ಹವಾಮಾನ ಇಲಾಖೆಯ ಗ್ಲೆನ್ ಬ್ರೈಯರ್ ಎಂಬುವರು 1950ರಲ್ಲೇ ಇಂಥ ಮುನ್ಸೂಚನೆಗಳಿಗೆ ಅಂಕ ಕೊಡುವ ಸೂತ್ರವೊಂದನ್ನು ಮಾಡಿದ್ದರು. ನನ್ನದು ಅಷ್ಟು ದೂರ ಹೋಗುವ ಲೆಕ್ಕವಲ್ಲ, ಗೀಟು ಎಳೆದು ಎಣಿಸುವುದಷ್ಟೇ.

ಆ ಗೀಟುಗಳು ಹೇಳಿದ್ದು ನಾನು ಎಣಿಸಿದ್ದಕ್ಕಿಂತ ಬೇರೆ. ರೋಗದ ವಿಷಯದಲ್ಲಿ ನಾನು ಬರೆದ ಆಣೆಗಿಂತ ಹೆಚ್ಚು ಬಾರಿ ನನ್ನ ಮಾತು ನಿಜವಾಗಿತ್ತು. ದಿನವೂ ಸಾಲು ತಿರುಗಿ ಎಲೆ ಮಗುಚಿ ನೋಡುವ ಕಣ್ಣಿಗೆ ಅಷ್ಟು ಗೊತ್ತಾಗಿಯೇ ಇತ್ತು, ಬಾಯಿಗೆ ಧೈರ್ಯವಿರಲಿಲ್ಲ. ದರದ ವಿಷಯದಲ್ಲಿ ತದ್ವಿರುದ್ಧ: ಹನ್ನೆರಡಾಣೆ ಎಂದು ಬರೆದದ್ದು ನಾಣ್ಯ ಚಿಮ್ಮಿದಷ್ಟೇ ನಿಜ. ಆದ್ದರಿಂದ ಈಗ ರೋಗದ ಬಗ್ಗೆ ಅಂಗಡಿಯವರ ಮಾತಿಗೆ ತಲೆಯಾಡಿಸಿ ಬರಿಗೈಯಲ್ಲಿ ಮನೆಗೆ ಬರುತ್ತೇನೆ. ದರದ ಬಗ್ಗೆ ನನ್ನ ಮಾತನ್ನೇ ನಂಬುವುದಿಲ್ಲ. ಮಾಲನ್ನು ಒಂದೇ ಸಲಕ್ಕೆ ಮಾರದೆ ಭಾಗ ಮಾಡಿ ಬೇರೆ ಬೇರೆ ತಿಂಗಳು ಬಿಡುತ್ತೇನೆ. ಎಲ್ಲಕ್ಕಿಂತ ಒಳ್ಳೆಯ ದರ ಇದರಿಂದ ಎಂದೂ ಸಿಗುವುದಿಲ್ಲ, ಎಲ್ಲಕ್ಕಿಂತ ಕೆಟ್ಟದ್ದೂ ಸಿಗುವುದಿಲ್ಲ. ಆತ್ಮವಿಶ್ವಾಸ ಒಬ್ಬರಲ್ಲಿ ಇದೆ ಅಥವಾ ಇಲ್ಲ ಎಂದು ಸಾರಾಸಗಟಾಗಿ ಹೇಳುವವರನ್ನು ಕಂಡರೆ ಈಗ ನನಗೆ ನಗು ಬರುತ್ತದೆ. ಯಾವ ಹೊಲದಲ್ಲಿ, ಯಾವ ಕೆಲಸದಲ್ಲಿ ಎಂದು ಕೇಳಬೇಕು.

ಅತಿಯಾದ ಭರವಸೆ ಎಲ್ಲಿಂದ ನುಸುಳುತ್ತದೆ ಎಂಬುದನ್ನು ಹಣ್ಣಿನ ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ತೋರಿಸಿಕೊಟ್ಟಿತು. ಮಣೂಕಕ್ಕೆ ಕಟಾವು ಮಾಡುವಾಗ ಹಣ್ಣಿನ ಸಿಹಿ ಇಪ್ಪತ್ತೆರಡು ಬ್ರಿಕ್ಸ್ ದಾಟಿರಬೇಕು ಎನ್ನುತ್ತೇವೆ. ಸಿಹಿ ಕಡಿಮೆ ಇದ್ದರೆ ತೂಕ ಬರುವುದಿಲ್ಲ. ಚೆನ್ನಾಗಿ ಮಾಗಿದ ಸುಮಾರು ನಾಲ್ಕು ಕೆಜಿ ಹಣ್ಣಿಗೆ ಒಂದು ಕೆಜಿ ಮಣೂಕ, ಎಳೆಯದಾದರೆ ಇನ್ನೂ ಹೆಚ್ಚು ಹಣ್ಣು ಬೇಕು. ಮಾದರಿಗಾಗಿ ಹಣ್ಣು ಕೀಳುವಾಗ ಕೈ ತಾನಾಗಿಯೇ ಹೊಂಬಣ್ಣಕ್ಕೆ ತಿರುಗಿದ ಹಣ್ಣಿನ ಕಡೆಗೆ, ಬಿಸಿಲಿನ ಬದಿಗೆ, ಗೊನೆಯ ಭುಜಕ್ಕೆ ಹೋಗುತ್ತದೆ. ಮೀಟರ್ ಸುಳ್ಳು ಹೇಳುವುದಿಲ್ಲ. ನಾವು ಅದಕ್ಕೆ ತೋರಿಸಿದ ಹಣ್ಣು ಹೇಳುತ್ತದೆ. ಈಗ ಗೊನೆಯ ತುದಿಯಿಂದ, ಎಲೆಯ ನೆರಳಿನಿಂದ, ಸಾಲಿನ ಕೊನೆಯ ಬಡಕಲು ಗಿಡದಿಂದಲೂ ಕೀಳುತ್ತೇನೆ. ನನ್ನ ಬಗ್ಗೆ ಲೆಕ್ಕ ಹಾಕುವಾಗಲೂ ಅಷ್ಟೇ. ಕುಗ್ಗಿದ ದಿನ ಮನಸ್ಸು ತುದಿಯ ಹುಳಿ ಹಣ್ಣನ್ನೇ ಆರಿಸುತ್ತದೆ, ಹಿಗ್ಗಿದ ದಿನ ಭುಜದ ಹಣ್ಣನ್ನು.

ಪದವಿ ಓದುತ್ತಿರುವ ಮಗಳ ಮನಃಶಾಸ್ತ್ರದ ಪುಸ್ತಕವನ್ನು ಬೇಸಿಗೆಯಲ್ಲಿ ತಿರುವಿ ಹಾಕಿದೆ. ಆಲ್ಬರ್ಟ್ ಬಂಡೂರಾ ಎಂಬ ವಿದ್ವಾಂಸರು 1977ರಲ್ಲಿ 'ಇದು ನನ್ನಿಂದ ಆಗುತ್ತದೆ' ಎಂಬ ನಂಬಿಕೆಗೆ ನಾಲ್ಕು ಮೂಲಗಳನ್ನು ಹೇಳಿದ್ದಾರೆ: ತಾನೇ ಮಾಡಿ ಗೆದ್ದದ್ದು, ತನ್ನಂಥವರು ಮಾಡಿದ್ದನ್ನು ಕಂಡದ್ದು, ಇತರರ ಹುರಿದುಂಬಿಕೆ, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಮೊದಲನೆಯದೇ ಎಲ್ಲಕ್ಕಿಂತ ಗಟ್ಟಿ ಎಂಬುದು ಅವರ ಮಾತು. ಹುರಿದುಂಬಿಸುವ ಭಾಷಣ ಕೇಳಿ ಎದ್ದ ಉತ್ಸಾಹ ಬಸ್‌ ನಿಲ್ದಾಣ ತಲುಪುವುದರೊಳಗೆ ಏಕೆ ಆರುತ್ತದೆ ಎಂದು ಅದರಿಂದ ತಿಳಿಯಿತು. ಕ್ರೂಗರ್ ಮತ್ತು ಡನ್ನಿಂಗ್ ಎಂಬಿಬ್ಬರ 1999ರ ಅಧ್ಯಯನವೂ ಅಲ್ಲಿತ್ತು. ಪರೀಕ್ಷೆಯಲ್ಲಿ ತೀರ ಹಿಂದುಳಿದವರು ತಮ್ಮನ್ನು ಸರಾಸರಿಗಿಂತ ಮೇಲೆಂದು ಎಣಿಸಿದರು. ಮುಂದಿದ್ದವರು ತಮ್ಮ ಸ್ಥಾನವನ್ನು ಸ್ವಲ್ಪ ತಗ್ಗಿಸಿ ಹೇಳಿದರು. ಆ ವ್ಯತ್ಯಾಸದಲ್ಲಿ ಒಂದು ಪಾಲು ಬರೀ ಅಂಕಿಸಂಖ್ಯೆಯ ಆಟ ಎಂದು ವಾದಿಸುವವರೂ ಇದ್ದಾರಂತೆ. ಇದನ್ನು ಓದಿದವರೆಲ್ಲ ನೆರೆಮನೆಯವರನ್ನು ನೆನೆದು ನಗುತ್ತಾರೆ ಎಂದು ಮಗಳು ಹೇಳಿದಳು. ನಾನೂ ನಕ್ಕಿದ್ದೆ.

ಹೆಂಗಸಾಗಿ ಈ ಕೆಲಸ ಮಾಡುವಾಗ ಬರುವ ಅನುಮಾನದಲ್ಲಿ ನಮ್ಮದು ಎಷ್ಟು, ಊರು ಹೇರಿದ್ದು ಎಷ್ಟು ಎಂದೂ ಬಿಡಿಸಿಕೊಳ್ಳಬೇಕಾಗುತ್ತದೆ. ಬೆಳೆಗಾರರ ಸಭೆಯೊಂದರಲ್ಲಿ ನಾನು ಪ್ರಶ್ನೆ ಕೇಳಿದರೆ ತಜ್ಞರು ನನ್ನ ಪಕ್ಕದಲ್ಲಿದ್ದ ಯಜಮಾನರ ಮುಖ ನೋಡಿ ಉತ್ತರ ಕೊಟ್ಟರು. ಪಾಪ, ಇವರು ಇತಿಹಾಸದ ಮೇಷ್ಟ್ರು, ಹೂಂಗುಟ್ಟಿದರು. ಅಂಥ ಕಡೆ ಹುಟ್ಟುವ ಅಳುಕನ್ನು ನೋಟ್‌ಬುಕ್ಕಿಗೆ ಇಳಿಸುವುದಿಲ್ಲ. ಅದರಲ್ಲಿ ನನ್ನ ಕೆಲಸದ ಬಗ್ಗೆ ತಿಳಿಯುವಂಥದ್ದು ಏನೂ ಇಲ್ಲ. ಪ್ರಶ್ನೆಯನ್ನು ಇನ್ನೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಕೇಳಿದರೆ ಸಾಕು.

ರಾತ್ರಿ ಎಚ್ಚರವಾದಾಗ ಬರುವ ಲೆಕ್ಕಗಳನ್ನೂ ಬರೆಯುವುದಿಲ್ಲ. ಆ ಹೊತ್ತಿನಲ್ಲಿ ಸಾಲ ಎರಡು ಪಟ್ಟು ಕಾಣುತ್ತದೆ, ಗೊನೆ ಅರ್ಧ. ಬೆಳಕಾದ ಮೇಲೆ ತೋಟಕ್ಕೆ ಹೋದರೆ ಆಣೆ ತಾನಾಗಿ ಸರಿಯಾಗುತ್ತದೆ. ಶೆಡ್ಡಿನಲ್ಲಿ ಮಣೂಕ ಒಣಗುತ್ತಿರುವಾಗ ಅಕಾಲ ಮಳೆ ಬಂದು ಹಸಿರು ಮಾಲು ಕಂದು ತಿರುಗಿದರೆ ಮಾತ್ರ ಯಾವ ನೋಟ್‌ಬುಕ್ಕೂ ಉಪಯೋಗಕ್ಕೆ ಬರುವುದಿಲ್ಲ. ಅಂಥ ವರ್ಷವನ್ನು ನನ್ನ ಲೆಕ್ಕಕ್ಕೆ ಸೇರಿಸದೆ ಆಕಾಶದ ಲೆಕ್ಕಕ್ಕೆ ಬರೆಯುವುದನ್ನು ಕಲಿಯಲು ಬಹಳ ಕಾಲ ಹಿಡಿಯಿತು.

ಇತ್ತೀಚೆಗೆ ನಮ್ಮ ಓಣಿಯ ಹುಡುಗನೊಬ್ಬ, ಹೊಸದಾಗಿ ಬಳ್ಳಿ ನಾಟಿ ಮಾಡಿದವನು, 'ಕಾಕೂ, ಆ ಲೆಕ್ಕ ನನಗೂ ಹೇಳಿಕೊಡಿ' ಎಂದು ಬಂದಿದ್ದ. ಅವನು ಬರೆದು ತಂದದ್ದರಲ್ಲಿ ಎಲ್ಲ ಪ್ರಶ್ನೆಗೂ ಹದಿನಾರಾಣೆ. ನಾನು ತಿದ್ದಲಿಲ್ಲ. ಪ್ರತಿಯೊಂದಕ್ಕೂ ತಾರೀಖು ಹಾಕಿಸಿದೆ. ಮೊದಲ ವರ್ಷ ದಾವಣಿಯ ಬಗ್ಗೆ ಮಾತ್ರ ಬರೆಯಲು, ದರದ ಬಗ್ಗೆ ಒಂದಕ್ಷರವೂ ಬರೆಯದಿರಲು, ನೋಟ್‌ಬುಕ್ಕನ್ನು ಅವರಪ್ಪನಿಗೆ ತೋರಿಸದಿರಲು ಹೇಳಿ ಕಳುಹಿಸಿದೆ. ಬರೆದದ್ದನ್ನು ಇನ್ನೊಬ್ಬರು ಓದುತ್ತಾರೆ ಎಂದು ಗೊತ್ತಾದರೆ ಗಂಡಸರು ಎಂಟಾಣೆ ಎಂದು ಬರೆಯುವುದೇ ಇಲ್ಲ.