ಕಾರ್ಟಿಸಾಲ್ ಮೊದಲು, ಟಿಎಸ್‌ಎಚ್ ಆಮೇಲೆ: ನನ್ನ ಅನುಭವ

ಅಡಿಸನ್ ಅಂದರೆ ಅಡ್ರಿನಲ್ ಗ್ರಂಥಿ ಸೋತು ಕಾರ್ಟಿಸಾಲ್ ಎಂಬ ಹಾರ್ಮೋನು ಸಾಕಷ್ಟು ಆಗದ ಕಾಯಿಲೆ. ಟಿಎಸ್‌ಎಚ್ ಅಂದರೆ ಥೈರಾಯ್ಡನ್ನು ಚುರುಕುಗೊಳಿಸಲು ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನು, ಥೈರಾಯ್ಡ್ ಸೋತಾಗ ಅದು ಏರುತ್ತದೆ. ಅಡಿಸನ್ ಕಾಯಿಲೆ ಇರುವವರಿಗೆ ಟಿಎಸ್‌ಎಚ್ ಎಂಟೊಂಬತ್ತು ಬಂತು ಅಂದರೆ ಥೈರಾಯ್ಡ್ ಮಾತ್ರೆ ಬೇಕೇ ಬೇಕಾ? ನನಗೆ ಬೇಕಾಗಲಿಲ್ಲ. ಮಾತ್ರೆ ನಿಲ್ಲಿಸಿ ನೋಡೋಣ ಅಂದಾಗ ಮನೆಯವರು ಹೆದರಿದರು, ಮೊದಲು ನೋಡಿದ್ದ ಡಾಕ್ಟರ್ ಒಪ್ಪಲೇ ಇಲ್ಲ. ಈಗ ಕೆಲವು ವರ್ಷಗಳಿಂದ ಥೈರಾಯ್ಡ್ ಮಾತ್ರೆ ಇಲ್ಲದೆಯೇ ನನ್ನ ಟಿಎಸ್‌ಎಚ್ 2–3ರ ಆಸುಪಾಸಿನಲ್ಲಿದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅಡಿಸನ್ ಗೊತ್ತಾಗುವ ಮೊದಲಿನ ರಿಪೋರ್ಟಿನಲ್ಲಿ ಟಿಎಸ್‌ಎಚ್ ಸುಮಾರು 9, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನು) ನಾರ್ಮಲ್‌ನ ಕೆಳ ಅಂಚಿನಲ್ಲಿ. 50 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್, ಅಂದರೆ ಥೈರಾಯ್ಡ್ ಮಾತ್ರೆ, ಬರೆದುಕೊಟ್ಟರು. ಸ್ವಲ್ಪ ದಿನಕ್ಕೇ ಎದ್ದು ನಿಂತರೆ ಕಣ್ಣು ಕತ್ತಲೆ, ಬೆಳಗ್ಗೆ ವಾಂತಿ. ಡೋಸ್ ಸಾಲುತ್ತಿಲ್ಲ ಎಂದು 75ಕ್ಕೆ ಏರಿಸಿದರು. ಆಮೇಲೆ ಆಸ್ಪತ್ರೆಯೇ ಗತಿ. ಸೋಡಿಯಂ 120ರ ಹತ್ತಿರಕ್ಕೆ ಇಳಿದಿತ್ತು, ಪೊಟ್ಯಾಸಿಯಂ 6ರ ಹತ್ತಿರಕ್ಕೆ ಏರಿತ್ತು ಎಂದು ನೆನಪು. ಅಂಗೈ ಗೆರೆಗಳು ಕಪ್ಪಾಗಿದ್ದನ್ನು ನೋಡಿ ಕಾರ್ಟಿಸಾಲ್ ಟೆಸ್ಟಿಗೆ ರಕ್ತ ಕಳಿಸಿದ್ದು ಅಲ್ಲಿನ ಒಬ್ಬ ಕಿರಿಯ ಡಾಕ್ಟರ್. ಹಾಗೆ ಅಡಿಸನ್ ಗೊತ್ತಾಯಿತು. ಥೈರಾಯ್ಡ್ ಹಾರ್ಮೋನು ಏರಿದರೆ ಇರುವ ಚೂರುಪಾರು ಕಾರ್ಟಿಸಾಲ್ ಕೂಡ ಬೇಗ ಖರ್ಚಾಗುತ್ತದೆ ಅಲ್ವಾ, ಅದೇ ಆಗಿತ್ತು. ಸುಳಿವು ಮೊದಲೇ ಇತ್ತು. ಥೈರಾಯ್ಡ್ ಸೋತರೆ ತೂಕ ಏರಬೇಕು, ನನ್ನದು ಇಳಿಯುತ್ತಿತ್ತು. ಥೈರಾಯ್ಡ್ ಸೋತರೆ ಸೋಡಿಯಂ ಇಳಿಯಬಹುದು, ಆದರೆ ಪೊಟ್ಯಾಸಿಯಂ ಹೀಗೆ ಏರುವುದಿಲ್ಲ.

ಹೈಡ್ರೊಕಾರ್ಟಿಸೋನ್ (ಕಾರ್ಟಿಸಾಲ್ ಬದಲಿಗೆ ಕೊಡುವ ಸ್ಟಿರಾಯ್ಡ್) 20 ಮಿ.ಗ್ರಾಂ, ಫ್ಲೂಡ್ರೊಕಾರ್ಟಿಸೋನ್ (ಮೈಯಲ್ಲಿ ಉಪ್ಪಿನಂಶ ಹಿಡಿದಿಡುವ ಮಾತ್ರೆ), ಜೊತೆಗೆ ಹಳೆಯ ಥೈರಾಯ್ಡ್ ಮಾತ್ರೆ. ಇಷ್ಟು ಹಿಡಿದು ಮನೆಗೆ ಬಂದೆ. ಆ ಮೂರನೆಯದರ ಮೇಲೆ ನನಗೆ ಅನುಮಾನ. ಕಾರ್ಟಿಸಾಲ್ ಇದ್ದಾಗ ಅದು ಟಿಎಸ್‌ಎಚ್ ಅನ್ನು ಹಿಡಿತದಲ್ಲಿ ಇಡುತ್ತದೆ. ಅದು ಇಲ್ಲದಿದ್ದರೆ ಥೈರಾಯ್ಡ್ ಸರಿ ಇದ್ದರೂ ಟಿಎಸ್‌ಎಚ್ ಏರುತ್ತದೆ. ನನ್ನ 9 ಬಂದದ್ದು ಕಾರ್ಟಿಸಾಲ್ ಇಲ್ಲದ ದಿನಗಳಲ್ಲಿ. ಥೈರಾಯ್ಡ್ ಮೇಲೆ ದೇಹವೇ ದಾಳಿ ಮಾಡುತ್ತಿದೆಯಾ ಎಂದು ನೋಡುವ ಟಿಪಿಒ ಆಂಟಿಬಾಡಿ ಟೆಸ್ಟ್ ನೆಗೆಟಿವ್. ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಹೊಸ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞರು) ಮುಂದಿಟ್ಟೆ. ಎರಡು ನಿಮಿಷ ಓದಿದರು. ಸರಿ, ನಿಲ್ಲಿಸಿ, ಆರೆಂಟು ವಾರ ಬಿಟ್ಟು ನೋಡೋಣ ಅಂದರು.

ನಿಲ್ಲಿಸಿದ ಮೇಲಿನ ಮೊದಲ ರಿಪೋರ್ಟಿನಲ್ಲಿ ಟಿಎಸ್‌ಎಚ್ 6 ಚಿಲ್ಲರೆ. ನೋಡು, ನಾವು ಹೇಳಲಿಲ್ವಾ ಎಂದರು ಎಲ್ಲರೂ. ನಾನು ಬಿಡಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಟೆಸ್ಟಿಗೂ ಒಂದು ಸಾಲು: ರಕ್ತ ಕೊಟ್ಟ ಹೊತ್ತು, ಹಿಂದಿನ ವಾರಗಳ ಹೈಡ್ರೊಕಾರ್ಟಿಸೋನ್ ಡೋಸ್, ಜ್ವರ, ಬೇರೆ ಮಾತ್ರೆ, ಸೋಡಿಯಂ. ಆ ಸಾಲಿನಲ್ಲಿ ಜ್ವರ ಎಂದಿತ್ತು, ಡೋಸ್ ದುಪ್ಪಟ್ಟು ಮಾಡಿ ಇಳಿಸಿದ್ದೂ ಇತ್ತು. ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ತಾನಾಗಿಯೇ ಏರುವುದುಂಟು. ಜಾಸ್ತಿ ಸ್ಟಿರಾಯ್ಡ್ ಅದನ್ನು ತಗ್ಗಿಸುವುದೂ ಉಂಟು. ಅಂಥ ಹೊತ್ತಿನ ನಂಬರಿನಿಂದ ಏನೂ ತೀರ್ಮಾನ ಮಾಡಬಾರದು. ಮತ್ತೆ ಕಾದೆವು. ಮುಂದಿನದು ನಾಲ್ಕೂವರೆ, ಅದರ ಮುಂದಿನದು ಮೂರರ ಹತ್ತಿರ.

ದುಡ್ಡು ಮಾತ್ರ ನೀರಿನಂತೆ ಹೋಯಿತು. ಪ್ರತಿ ಸಲ ಪೂರ್ತಿ ಪ್ಯಾಕೇಜ್, ಆಂಟಿಬಾಡಿ ಪದೇ ಪದೇ, ಒಮ್ಮೆ ರಿವರ್ಸ್ ಟಿ3 ಎಂಬ ಇನ್ನೊಂದು ಥೈರಾಯ್ಡ್ ಟೆಸ್ಟ್ ಕೂಡ. ಅದರಿಂದ ಯಾವ ನಿರ್ಧಾರವೂ ಬದಲಾಗಲಿಲ್ಲ. ಈಗ ಟಿಎಸ್‌ಎಚ್, ಫ್ರೀ ಟಿ4, ಸೋಡಿಯಂ, ಪೊಟ್ಯಾಸಿಯಂ ಅಷ್ಟೇ. ಒಂದೇ ಲ್ಯಾಬ್, ಬೆಳಗಿನ ಅದೇ ಹೊತ್ತು. ಖರ್ಚು ಕಾಲುಭಾಗಕ್ಕೆ ಇಳಿದಿದೆ.

ಹೊತ್ತಿನ ವಿಷಯ ಸುಮ್ನೆ ಹೇಳುತ್ತಿಲ್ಲ. ಒಂದೇ ದಿನ ಬೆಳಗ್ಗೆ ಮತ್ತು ಮಧ್ಯಾಹ್ನ ರಕ್ತ ಕೊಟ್ಟು ನೋಡಿದೆ. ಬೆಳಗ್ಗೆ ಮೂರು ಚಿಲ್ಲರೆ, ಮಧ್ಯಾಹ್ನ ಎರಡರ ಹತ್ತಿರ. ಇನ್ನೊಂದು ಪ್ರಯೋಗ ಬಯೋಟಿನ್ ಎಂಬ ವಿಟಮಿನ್ ಮೇಲೆ. ಅದಿರುವ ಕೂದಲಿನ ಮಾತ್ರೆ ತಿನ್ನುತ್ತಾ ಟೆಸ್ಟ್ ಮಾಡಿಸಿದರೆ ಟಿಎಸ್‌ಎಚ್ ಪಾತಾಳದಲ್ಲಿ, ಫ್ರೀ ಟಿ4 ಆಕಾಶದಲ್ಲಿ. ಒಂದು ವಾರ ಬಿಟ್ಟು ಅದೇ ಲ್ಯಾಬಿಗೆ ಕೊಟ್ಟೆ, ಎರಡೂ ನಾರ್ಮಲ್. ಎಲ್ಲ ಮಷಿನ್‌ಗಳಲ್ಲೂ ಹೀಗಾಗುವುದಿಲ್ಲ, ಆ ಲ್ಯಾಬಿನದರಲ್ಲಿ ಆಯಿತು.

ದಿನದ ಡೋಸ್ ಅನ್ನು ಹೇಗೆ ಹಂಚಿಕೊಂಡೆ ಎಂಬುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಅದನ್ನು ಬರೆಯುವುದಿಲ್ಲ. ಡಾಕ್ಟರ್ ಜೊತೆ ಕೂತು ನನ್ನ ಮೈಗೆ ಹೊಂದಿಸಿಕೊಂಡದ್ದು, ಬೇರೆಯವರು ನಕಲು ಮಾಡಿದರೆ ಅಪಾಯ.

ಇದು ಎಲ್ಲರ ಕಥೆಯೂ ಅಲ್ಲ. ಸ್ಟಿರಾಯ್ಡ್ ಸರಿಯಾಗಿ ಸಿಗುತ್ತಿದ್ದು ಎರಡು ಮೂರು ತಿಂಗಳಾದರೂ ಟಿಎಸ್‌ಎಚ್ 10 ದಾಟಿಯೇ ಇದ್ದು, ಫ್ರೀ ಟಿ4 ಕಡಿಮೆ ಇದ್ದರೆ ಅದು ನಿಜವಾದ ಥೈರಾಯ್ಡ್ ಕಾಯಿಲೆಯೇ. ಅಡಿಸನ್, ಥೈರಾಯ್ಡ್ ಕಾಯಿಲೆ ಎರಡೂ ಒಟ್ಟಿಗೆ ಬರುವುದನ್ನು 1926ರಲ್ಲೇ ಶ್ಮಿಟ್ ಎಂಬ ಜರ್ಮನ್ ವೈದ್ಯರು ಗುರುತಿಸಿದ್ದರು. ಅಂಥವರಿಗೆ ಲೆವೊಥೈರಾಕ್ಸಿನ್ ಬೇಕು, ಆದರೆ ಸ್ಟಿರಾಯ್ಡ್ ಶುರುವಾದ ಮೇಲೆ. ತೊಂದರೆ ಪಿಟ್ಯುಟರಿಯದಾದರೆ ಟಿಎಸ್‌ಎಚ್ ನಂಬಲೇಬೇಡಿ, ಫ್ರೀ ಟಿ4 ನೋಡಿ.

ನನಗೂ ಮುಂದೆ ಥೈರಾಯ್ಡ್ ಕೈಕೊಡಬಹುದು, ಅಡಿಸನ್ ಇದ್ದವರಲ್ಲಿ ಅದು ಅಪರೂಪವಲ್ಲ. ಹಾಗಾಗಿ ವರ್ಷಕ್ಕೊಮ್ಮೆ ತಪ್ಪದೆ ರಕ್ತ ಕೊಡುತ್ತೇನೆ.