8 ಔನ್ಸ್ ಎಂದರೆ ಎಷ್ಟು ಮಿಲಿ? ಮೊದಲು ಯಾವ ಔನ್ಸ್ ಅಂತ ನೋಡಿ

ಹೋದ ತಿಂಗಳು ನನ್ನ ತಂಗಿ ಅಮೆರಿಕದ ರೆಸಿಪಿ ನೋಡಿ ಕೇಕ್ ಮಾಡಿದಳು. ಅದರಲ್ಲಿ 8 ಔನ್ಸ್ ಮೈದಾ ಎಂದಿತ್ತು. ಗಾಜಿನ ಅಳತೆ ಜಗ್ ತೆಗೆದು, 8ರ ಕೆಂಪು ಗೆರೆಯವರೆಗೆ ಮೈದಾ ತುಂಬಿದಳು. ಹಿಟ್ಟು ನೀರುದೋಸೆ ಹಿಟ್ಟಿನಂತಾಯಿತು. ಕೇಕ್ ನಡುವೆ ಕುಸಿದು ಕೂತಿತು. ರೆಸಿಪಿಗೆ ಬೇಕಿದ್ದದ್ದು 227 ಗ್ರಾಂ ಮೈದಾ. ಜಗ್ಗಿನಲ್ಲಿ ಬಿದ್ದದ್ದು ಸುಮಾರು 125 ಗ್ರಾಂ. ಈ ಎಡವಟ್ಟನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಅದಕ್ಕೇ ಈ ಲೇಖನ.

1. ತೂಕವೋ, ಅಳತೆಯೋ?

ಎಲ್ಲರೂ ಎಡವುವುದು ಇಲ್ಲೇ. ಔನ್ಸ್ ಎಂಬ ಹೆಸರು ಒಂದೇ, ವಸ್ತು ಎರಡು. ತೂಕದ ಔನ್ಸ್ 28.35 ಗ್ರಾಂ. ದ್ರವ ಅಳೆಯುವ ಫ್ಲೂಯಿಡ್ ಔನ್ಸ್ ಅಮೆರಿಕದಲ್ಲಿ 29.57 ಮಿಲಿ. ನೀರು, ಹಾಲಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬರುತ್ತವೆ, ಹಾಗಾಗಿ ತಪ್ಪು ಗೊತ್ತೇ ಆಗಲ್ಲ. ಮೈದಾ ಹಗುರ, ಜೇನು ಭಾರ. ಅಲ್ಲಿ ಸಿಕ್ಕಿಬೀಳುತ್ತೇವೆ. ಜಗ್ಗಿನ 8 ಔನ್ಸ್ ಗೆರೆಯವರೆಗೆ ಜೇನು ಸುರಿದು ತೂಗಿ ನೋಡಿ, ಸುಮಾರು 12 ಔನ್ಸ್, ಅಂದರೆ 340 ಗ್ರಾಂ ಇರುತ್ತದೆ.

ಕಂಡುಹಿಡಿಯುವುದು ಹೇಗೆ? ಹಾಲು, ನೀರು, ಎಣ್ಣೆ, ಜ್ಯೂಸ್ ಆದರೆ ಸಾಮಾನ್ಯವಾಗಿ ಫ್ಲೂಯಿಡ್ ಔನ್ಸ್. ಮೈದಾ, ಸಕ್ಕರೆ, ಬೆಣ್ಣೆ, ಚೀಸ್, ಚಾಕೊಲೇಟ್ ಆದರೆ ತೂಕ. ಅಮೆರಿಕದಿಂದ ಯಾರಾದರೂ ತಂದುಕೊಟ್ಟ ಬಾಟಲಿ ಇದ್ದರೆ ಇನ್ನೂ ಸುಲಭ. ಔನ್ಸ್ ಪಕ್ಕದಲ್ಲೇ ಮೆಟ್ರಿಕ್ ಲೆಕ್ಕವೂ ಇರುತ್ತದೆ. ಅಲ್ಲಿ ಗ್ರಾಂ ಇದ್ದರೆ ತೂಕ, ಮಿಲಿ ಇದ್ದರೆ ಅಳತೆ. ಜೇನಿನ ಬಾಟಲಿಯಲ್ಲಿ ಗ್ರಾಂ ಇರುತ್ತದೆ, ನೋಡಿ. ತೂಕ ಎಂದು ಗೊತ್ತಾದ ಕೂಡಲೇ ಜಗ್ ಒಳಗಿಡಿ, ತಕ್ಕಡಿ ತೆಗೆಯಿರಿ.

2. ಅಮೆರಿಕದ್ದೋ, ಬ್ರಿಟನ್ನಿನದೋ?

ಬ್ರಿಟನ್ನಿನ ಫ್ಲೂಯಿಡ್ ಔನ್ಸ್ 28.41 ಮಿಲಿ. ಚೂರೇ ಚಿಕ್ಕದು. ಆದರೆ ಪೈಂಟ್, ಗ್ಯಾಲನ್‌ಗೆ ಬಂದರೆ ವ್ಯತ್ಯಾಸ ದೊಡ್ಡದು. ಅಮೆರಿಕದ ಪೈಂಟ್‌ಗೆ 16 ಔನ್ಸ್, 473 ಮಿಲಿ. ಬ್ರಿಟನ್ನಿನ ಪೈಂಟ್‌ಗೆ 20 ಔನ್ಸ್, 568 ಮಿಲಿ. ಗ್ಯಾಲನ್ ಅಮೆರಿಕದಲ್ಲಿ 3.785 ಲೀಟರ್, ಬ್ರಿಟನ್ನಿನಲ್ಲಿ 4.546.

3. ಗುಣಿಸಿ

ಅಮೆರಿಕದ ಔನ್ಸನ್ನು 30ರಿಂದ ಗುಣಿಸಿ. ನೂರಕ್ಕೆ ಒಂದೂವರೆಯಂತೆ ಕಳೆಯಿರಿ. 16 ಔನ್ಸ್‌ಗೆ 480, ಅದರಲ್ಲಿ 7 ಹೋದರೆ 473. ಒಂದೆರಡು ಕಪ್ಪಿನ ಅಡುಗೆಗೆ ಕಳೆಯುವುದೂ ಬೇಡ, 8 ಔನ್ಸ್‌ನ ಒಂದು ಕಪ್ ಸರಿಯಾಗಿ ಲೆಕ್ಕ ಹಾಕಿದರೆ 237 ಮಿಲಿ, 240 ಎಂದೇ ಇಟ್ಟುಕೊಳ್ಳಿ. ಔಷಧಿಗೆ ಮಾತ್ರ ಈ ಅಂದಾಜು ಬೇಡವೇ ಬೇಡ. ಬಾಟಲಿ ಜೊತೆ ಬಂದ ಮಿಲಿ ಗೆರೆಯ ಮುಚ್ಚಳ ಅಥವಾ ಸಿರಿಂಜನ್ನೇ ಬಳಸಿ, ಮಕ್ಕಳಿಗಂತೂ ಕಡ್ಡಾಯ.

4. ಚಮಚ

ಒಂದು ಔನ್ಸ್‌ಗೆ 2 ಟೇಬಲ್ ಸ್ಪೂನ್, ಅಥವಾ 6 ಟೀ ಸ್ಪೂನ್. ಸಾಂಬಾರ್ ಬಡಿಸುವ ಚಮಚ ಟೇಬಲ್ ಸ್ಪೂನ್ ಅಲ್ಲ, ಅಳತೆ ಚಮಚವೇ ಬೇಕು. ರೆಸಿಪಿ ಆಸ್ಟ್ರೇಲಿಯಾದ್ದಾದರೆ ಅವರ ಟೇಬಲ್ ಸ್ಪೂನ್ 20 ಮಿಲಿ, ನೆನಪಿರಲಿ.

5. ಅಳೆಯುವಾಗ

ಜಗ್ಗನ್ನು ಕೈಯಲ್ಲಿ ಎತ್ತಿ ಹಿಡಿಯಬೇಡಿ. ಕಟ್ಟೆಯ ಮೇಲಿಟ್ಟು, ಬಗ್ಗಿ, ಗೆರೆಯ ನೇರಕ್ಕೆ ಕಣ್ಣು ತನ್ನಿ. ನೀರಿನ ಅಂಚು ಗಾಜಿಗೆ ಅಂಟಿ ಮೇಲೇರಿರುತ್ತದೆ, ನಡುವಿನ ತಗ್ಗು ಗೆರೆಗೆ ತಾಗಿದರೆ ಸರಿ. ರೈಸ್ ಕುಕ್ಕರ್ ಜೊತೆ ಬರುವ ಕಪ್ ಸಾಮಾನ್ಯವಾಗಿ 180 ಮಿಲಿ, ಅದು ಅಮೆರಿಕದ ಕಪ್ ಅಲ್ಲ.

ಅಗ್ಗದ ಪ್ಲಾಸ್ಟಿಕ್ ಕಪ್ ಸೆಟ್ ಕೊಳ್ಳಬೇಡಿ. ನಾನು ತಂದದ್ದರಲ್ಲಿ 1 ಕಪ್ ಎಂದಿದ್ದುದಕ್ಕೆ 210 ಮಿಲಿಯೂ ಹಿಡಿಯಲಿಲ್ಲ. ನಾಲ್ಕೇ ತಿಂಗಳಿಗೆ ಗೆರೆಗಳೂ ಅಳಿಸಿಹೋದವು. ಈಗಾಗಲೇ ಮನೆಯಲ್ಲಿದ್ದರೆ ಪರೀಕ್ಷೆ ಮಾಡಿ. ಖಾಲಿ ಕಪ್ಪನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. 1 ಮಿಲಿ ನೀರು ಹೆಚ್ಚುಕಡಿಮೆ 1 ಗ್ರಾಂ. 237ರ ಆಸುಪಾಸು ಬಂದರೆ ಆ ಕಪ್ಪನ್ನು ಇಟ್ಟುಕೊಳ್ಳಿ. ಇಲ್ಲದಿದ್ದರೆ ಅಕ್ಕಿ ಡಬ್ಬಿಗೆ ಹಾಕಿಬಿಡಿ.